ಬೇಡವಾದವನ್ನು ಹೊಡೆದುಹಾಕಿ

ನಮ್ಮ ಮಾತಿನಲ್ಲಿ ಹೊಡೆಯದೆ ಬಿಟ್ಟದ್ದು ಏನಾದರೂ ಇದ್ದರೆ ಹೇಳಿ ನೋಡೋಣ. ಮೊಳೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗಡದ್ದಾಗಿ ನಿದ್ದೆ ಹೊಡೆಯುತ್ತೇವೆ. ಹರಿದ ಜೇಬಿಗೆ ಎರಡು ಹೊಲಿಗೆ ಹೊಡೆಯುತ್ತೇವೆ. ಟೈಪು ಮಾಡುವುದೂ ಹೊಡೆಯುವುದೇ, ಇದು ಸರಿ ಎಂದು ರೈಟು ಹಾಕುವುದೂ ಹೊಡೆಯುವುದೇ, ಇದು ಬೇಡ ಎಂದು ಗೀಟು ಎಳೆಯುವುದೂ ಹೊಡೆಯುವುದೇ. ಇಷ್ಟು ಕೆಲಸವನ್ನು ಒಂದೇ ಮಾತಿನ ಹೆಗಲಿಗೆ ಹೊರಿಸಿದ ಪುಣ್ಯಾತ್ಮ ಯಾರೋ, ಕೈಗೆ ಸಿಕ್ಕರೆ ಅವನಿಗೂ ಎರಡು ಹೊಡೆಯುತ್ತಿದ್ದೆ. ಇದೆಲ್ಲ ಬರೀ ಬಾಯಿಮಾತಿನ ಸಿಟ್ಟು ಅನ್ನುವುದು ನನಗೆ ಗೊತ್ತು. ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರಲ್ಲ, ನಾನು ಆ ಪೈಕಿ.

ನಾನು ದರ್ಜಿ. ಬಸ್‌ಸ್ಟಾಪಿನ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಎಂಟಡಿ ಅಗಲದ ಅಂಗಡಿ ನನ್ನದು. ಹೊಸ ಬಟ್ಟೆ ಹೊಲಿಸುವವರು ಈಗ ಎಲ್ಲಿದ್ದಾರೆ? ಕೊಂಡು ತಂದ ಪ್ಯಾಂಟನ್ನು ಗಿಡ್ಡ ಮಾಡಿಕೊಡುವುದು, ಜಿಪ್ಪು ಬದಲಿಸುವುದು, ಮೈ ಬಂದವರ ಅಂಗಿ ಬಿಚ್ಚಿ ಅಗಲ ಮಾಡುವುದು, ಇಷ್ಟೇ. ಬೇರೆಯವರು ಕೆಡಿಸಿದ್ದನ್ನು ಸರಿ ಮಾಡುವುದೇ ನನ್ನ ಹೊಟ್ಟೆಪಾಡು. ಬೀದಿಯವರೆಲ್ಲ ‘ಮಾಸ್ಟ್ರೇ’ ಎಂದು ಕರೆಯುತ್ತಾರೆ. ಆ ಕರೆಯಿಂದಾಗಿಯೋ ಏನೋ, ನನಗೆ ಓದು ಬರಹ ಚೆನ್ನಾಗಿ ಗೊತ್ತು ಅನ್ನುವ ಒಂದು ಜಂಬವೂ ಮೊದಲಿನಿಂದ ಇದೆ. ಮನೆಗೆ ಬಂದ ಯಾವ ಕಾಗದವಾದರೂ ನಾನೇ ಓದಬೇಕು, ಯಾವ ಫಾರಮ್ಮಾದರೂ ನಾನೇ ತುಂಬಬೇಕು.

ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಾವು ಮೂವರು ಇದ್ದೇವೆ. ನಾನು, ನನ್ನ ಅಕ್ಕ, ಅಕ್ಕನ ಮಗಳು. ಭಾವ ತೀರಿಕೊಂಡಾಗ ಮಗುವಿಗೆ ಎರಡು ವರ್ಷ. ದುಂಡು ಮುಖದ ಆ ಮಗು ನನ್ನ ಅಂಗಡಿಯ ಗುಂಡಿಗಳ ಡಬ್ಬಿ ಬಿಟ್ಟು ಬೇರೆ ಆಟಿಕೆಯನ್ನೇ ಮುಟ್ಟುತ್ತಿರಲಿಲ್ಲ, ಹಾಗಾಗಿ ನಾನು ಗುಂಡಿ ಎಂದು ಕರೆದೆ, ಅದೇ ಉಳಿದುಕೊಂಡಿತು. ಒಂದನೇ ಕ್ಲಾಸಿಗೆ ಸೇರಿಸಿದಾಗ ಪೋಷಕರ ಜಾಗದಲ್ಲಿ ಸಹಿ ಹಾಕಿದವನು ನಾನು. ಅಲ್ಲಿಂದ ಇಲ್ಲಿಯವರೆಗೆ ಶಾಲೆಯ ದಾಖಲೆಯಲ್ಲಿ ಅವಳ ಪೋಷಕ ನಾನೇ.

ಅಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಾಳೆ. ಅದು ಆಸ್ಪತ್ರೆಯ ನೆಲಮಾಳಿಗೆ. ಮನುಷ್ಯ ನಿಂತು ಒಳಗೆ ಹೋಗಬಹುದಾದಷ್ಟು ದೊಡ್ಡ ಡ್ರಮ್ಮುಗಳು ಆರು, ಬೆಳಿಗ್ಗೆ ಏಳರಿಂದ ತಿರುಗಲು ಶುರುವಾದರೆ ಸಂಜೆ ಐದರವರೆಗೆ ನಿಲ್ಲುವುದಿಲ್ಲ. ರಕ್ತದ ಹಾಸಿಗೆ ಬಟ್ಟೆ ಬೇರೆ, ಔಷಧಿ ಚೆಲ್ಲಿದ್ದು ಬೇರೆ, ಸುಮ್ಮನೆ ಮಾಸಿದ್ದು ಬೇರೆ ಎಂದು ಆರಿಸಿ ಹಾಕುವುದು ಅವಳ ಕೆಲಸ. ಬ್ಲೀಚಿಂಗ್ ನೀರಿಗೆ ಬೆರಳ ಸಂದುಗಳು ಒಡೆದಿವೆ. ಆ ಗದ್ದಲದಲ್ಲಿ ಕಿವಿ ಅರ್ಧ ಹೋಗಿದೆ, ಹಾಗಾಗಿ ಮನೆಯಲ್ಲೂ ಕಿರುಚಿಯೇ ಮಾತಾಡುತ್ತಾಳೆ. ಹೊಸಬರು ಕೇಳಿದರೆ ಜಗಳ ಅಂದುಕೊಳ್ಳುತ್ತಾರೆ.

ಗುಂಡಿ ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅಮ್ಮನಿಗೆ ಊಟದ ಡಬ್ಬಿ ಕೊಡಲು ಆಸ್ಪತ್ರೆಗೆ ಹೋಗಿದ್ದಳು. ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಿನ ಪಕ್ಕದಲ್ಲೇ ರೋಗಿಗಳ ಹೆಸರು ಬರೆಸುವ ಕೌಂಟರ್ ಇದೆ. ಗಾಜಿನ ಹಿಂದೆ ಮೂವರು ಹುಡುಗಿಯರು ಕೂತು ಕಂಪ್ಯೂಟರಿನಲ್ಲಿ ಹೆಸರು ಹೊಡೆದುಕೊಂಡು, ಬಂದವರಿಗೆ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ. ಅವರಲ್ಲಿ ಇಬ್ಬರು ಗುಂಡಿಯ ಶಾಲೆಯಲ್ಲೇ ಓದಿದವರು. ಅಲ್ಲಿ ಒಂಬತ್ತು ಹತ್ತನೇ ಕ್ಲಾಸಿಗೆ ‘ವ್ಯವಹಾರ ಮತ್ತು ಕಂಪ್ಯೂಟರ್’ ಎಂಬ ಐಚ್ಛಿಕ ವಿಷಯ ಇದೆ, ಅದರ ಸರ್ಟಿಫಿಕೇಟ್ ಇದ್ದವರಲ್ಲಿ ಪ್ರತಿವರ್ಷ ಇಬ್ಬರನ್ನು ಆಸ್ಪತ್ರೆಯವರು ಕೌಂಟರಿಗೆ ತೆಗೆದುಕೊಳ್ಳುತ್ತಾರೆ. ಅವತ್ತು ಮನೆಗೆ ಬಂದವಳೇ ಗುಂಡಿ, "ಮಾವ, ನಾನು ಆ ಗಾಜಿನ ಹಿಂದೆ ಕೂರ್ತೀನಿ. ಅಮ್ಮ ಕೆಲಸ ಬಿಡ್ಬೇಕು" ಅಂದಳು. ಅಷ್ಟು ಚಿಕ್ಕ ಹುಡುಗಿ ಆ ಮಾತನ್ನು ಅಷ್ಟು ನಿಶ್ಚಯವಾಗಿ ಹೇಳಿದ್ದು ಕೇಳಿ ನನಗೆ ನಗು ಬಂದಿತ್ತು.

ಆ ವಿಷಯ ಕಲಿಸುವವರು ಟೈಪ್ ಮೇಡಮ್. ಒಂದು ಕಾಲಕ್ಕೆ ಟೈಪ್‌ರೈಟರ್ ಕಲಿಸುತ್ತಿದ್ದರಂತೆ, ಯಂತ್ರ ಬದಲಾದರೂ ಹೆಸರು ಬದಲಾಗಲಿಲ್ಲ. ಕೀಲಿಮಣೆ ನೋಡದೆ ಟೈಪು ಮಾಡುವುದು, ಅರ್ಜಿ, ದೂರು, ಆಹ್ವಾನ ಯಾವುದನ್ನು ಹೇಗೆ ಬರೆಯಬೇಕು, ಫೈಲಿಗೆ ನಾಳೆ ಹುಡುಕಿದರೆ ಸಿಗುವಂಥ ಹೆಸರು ಹೇಗಿಡಬೇಕು, ಫೋನಿನಲ್ಲಿ ಸಿಟ್ಟಾದವರ ಜೊತೆ ಹೇಗೆ ಮಾತಾಡಬೇಕು, ಎಲ್ಲ ಕಲಿಸುತ್ತಾರೆ. ಈ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು: ಇಪ್ಪತ್ತು ಮಕ್ಕಳು ಸೇರದಿದ್ದರೆ ವಿಷಯ ರದ್ದು. ಪಾಪ, ಮೇಡಮ್ ಮನೆಮನೆ ಹತ್ತಿ ಇಳಿದರು. ನಮ್ಮಲ್ಲಿಗೂ ಬಂದು, ನನ್ನ ಸ್ಟೂಲಿನ ಮೇಲೆ ಕೂತು, "ನಿಮ್ಮ ಹುಡುಗಿಯ ಕೈ ಚುರುಕಾಗಿದೆ ಮಾಸ್ಟ್ರೇ, ಬಿಡಬೇಡಿ" ಅಂದು ಹೋದರು.

ಅಕ್ಕ ಮಾತ್ರ ಒಪ್ಪಲಿಲ್ಲ. ಶಾಲೆಯಲ್ಲಿ ಐಚ್ಛಿಕ ವಿಷಯಗಳು ಮೂರು: ಕಂಪ್ಯೂಟರ್, ಹೊಲಿಗೆ, ತೋಟಗಾರಿಕೆ. ಅಕ್ಕ ಹೊಲಿಗೆಯ ಕಡೆ. "ಮಾವನ ಅಂಗಡಿ ಕಣ್ಣೆದುರಿಗಿದೆ, ಅದನ್ನ ಬಿಟ್ಟು ಯಾರದೋ ಗಾಜಿನ ಹಿಂದೆ ಕೂರ್ತಾಳಂತೆ! ಇಬ್ಬರಿಗೆ ಕೆಲಸ ಕೊಡ್ತಾರೆ, ಮಿಕ್ಕ ಹದಿನೆಂಟು ಮಕ್ಕಳು ಏನ್ಮಾಡ್ಬೇಕು? ಇರೋದನ್ನ ಬಿಟ್ಟು ಇಲ್ಲದ್ದಕ್ಕೆ ಕೈ ಚಾಚಬಾರದು" ಅನ್ನುತ್ತಿದ್ದಳು. ಗುಂಡಿ ಒಂದು ವಾರ ಮುಖ ಊದಿಸಿಕೊಂಡು ಓಡಾಡಿದಳು. ನಾನು ಇಬ್ಬರಿಗೂ ಹೂಂಗುಟ್ಟುತ್ತ ಕೂತೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಅರ್ಧ ಸತ್ಯವಾಗುತ್ತದೆ. ಅಂಗಡಿಯಲ್ಲಿ ನನ್ನ ಮೆಷಿನ್ನಿನ ಎದುರಿಗೆ ಇನ್ನೊಂದು ಮೆಷಿನ್ ಇದೆ. ಕೆಲಸದವನು ಬಿಟ್ಟುಹೋಗಿ ಮೂರು ವರ್ಷವಾಯಿತು, ಅದರ ಮೇಲೆ ಬಟ್ಟೆ ರಾಶಿ ಬಿದ್ದಿರುತ್ತದೆ. ಗುಂಡಿ ಅಲ್ಲಿ ಬಂದು ಕೂತರೆ ಎಷ್ಟು ಚೆನ್ನ ಎಂದು ನನಗೂ ಒಳಗೊಳಗೇ ಆಸೆ ಇತ್ತು. ಬಾಯಿ ಬಿಟ್ಟು ಹೇಳಿದವನಲ್ಲ. ಹುಡುಗಿಯ ಆಸೆಗೆ ಅಡ್ಡ ಬಂದ ಮಾವ ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ. ಆ ಕೆಲಸ ಅಕ್ಕನೇ ಮಾಡುತ್ತಿದ್ದಳಲ್ಲ!

ಫಾರಂ ಕೊಡಲು ಕೊನೆಯ ದಿನ ಮಂಗಳವಾರ, ಮಧ್ಯಾಹ್ನ ಮೂರು ಗಂಟೆಯೊಳಗೆ. ಆ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೊರಡುವಾಗ ನನಗೆ, "ಮಧ್ಯಾಹ್ನ ಫೋನ್ ಮಾಡು, ಯಾವುದು ಅಂತ ಹೇಳ್ತೀನಿ. ಇನ್ನೂ ಯೋಚನೆ ಮಾಡ್ತಿದ್ದೀನಿ" ಅಂದು ಹೋದಳು. ಒಂದೂವರೆಗೆ ಗುಂಡಿ ಏದುಸಿರು ಬಿಡುತ್ತ ಅಂಗಡಿಗೆ ಬಂದಳು. ಎರಡು ಗಂಟೆಗೆ ಅವಳಿಗೆ ಗಣಿತದ ಪರೀಕ್ಷೆ.

"ಮಾವ, ಪೋಷಕರೇ ಕೈಯಾರೆ ತುಂಬ್ಬೇಕಂತೆ. ನಾವು ತುಂಬಿದ್ರೆ ತಗೊಳ್ಳಲ್ವಂತೆ. ಅಮ್ಮನ್ನ ಕೇಳಿ ತುಂಬಿ, ಆಫೀಸಿನ ಮುಂದೆ ಡಬ್ಬಿ ಇದೆ, ಅದಕ್ಕೆ ಹಾಕ್ಬಿಡು. ಅಮ್ಮ ಒಪ್ತಾಳಾ ಮಾವ?"

"ಒಪ್ಪಿದ್ರೆ ಒಪ್ತಾಳೆ, ಇಲ್ದಿದ್ರೆ ಇಲ್ಲ. ನೀನು ಹೋಗು, ಲೆಕ್ಕ ಮರ್ತುಬಿಟ್ಟೀಯ."

"ಒಪ್ಸು ಮಾವ" ಅಂದು ಓಡಿದಳು.

ಫಾರಮ್ಮನ್ನು ಕತ್ತರಿಸುವ ಮೇಜಿನ ಮೇಲೆ ಹಾಸಿಕೊಂಡೆ. ಹೆಸರು, ತರಗತಿ, ಪೋಷಕರ ಸಂಬಂಧ, ಎಲ್ಲ ದುಂಡಗೆ ತುಂಬಿದೆ. ಕೆಳಗೆ ಮೂರು ವಿಷಯಗಳನ್ನು ಒಂದರ ಕೆಳಗೊಂದು ಅಚ್ಚು ಹಾಕಿ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಬೇಡವಾದವನ್ನು ಹೊಡೆದುಹಾಕಿ’ ಎಂದು ಬರೆದಿದ್ದರು. ತೋಟಗಾರಿಕೆಗೆ ಸ್ಕೇಲಿಟ್ಟು ಒಂದು ಗೀಟು ಎಳೆದೆ. ಉಳಿದದ್ದು ಎರಡು. ಅಕ್ಕನ ವಿಭಾಗಕ್ಕೆ ಫೋನು ಮಾಡಿದೆ. ಗೋಡೆಗೆ ನೇತುಹಾಕಿದ ಫೋನು ಅದು, ಯಾರೋ ಎತ್ತಿ ಅವಳನ್ನು ಕೂಗಿದರು. ಹಿಂದೆ ಡ್ರಮ್ಮುಗಳು ಗಡಗಡ ಅನ್ನುತ್ತಿದ್ದವು.

"ಅಕ್ಕಾ, ಗುಂಡಿ ಫಾರಂ! ಹೊಲಿಗೆನೋ ಕಂಪ್ಯೂಟರೋ? ಯಾವುದನ್ನ ಹೊಡೀಲಿ?"

"ಏನು? ಜೋರಾಗಿ ಹೇಳು!"

"ಯಾವುದು ಹೊಡೀಲಿ ಅಂದೆ!"

"ಕಂಪ್ಯೂಟರ್ ಹೊಡಿ! ಇನ್ನೇನೂ ಕೇಳ್ಬೇಡ, ಕಂಪ್ಯೂಟರೇ ಹೊಡಿ!" ಅಂದು ಇಟ್ಟುಬಿಟ್ಟಳು.

ಒಂದು ಗಳಿಗೆ ನನಗೆ ಅನುಮಾನ ಬಂತು. ಬರಲಿಲ್ಲ ಅಂದರೆ ಸುಳ್ಳಾದೀತು. ಅವಳ ದನಿಯಲ್ಲಿ ಒಂದು ನಗು ಇದ್ದಂತಿತ್ತು. ಮಗಳ ಆಸೆ ಮುರಿಯುವವಳು ಹಾಗೆ ನಗುತ್ತಾಳೆಯೇ? ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು, ಗಡಿಯಾರದಲ್ಲಿ ಒಂದು ಐವತ್ತು. ಮತ್ತೆ ಮಾಡಿ ಕೇಳಬಹುದಿತ್ತು. ನಾನು ಕೇಳಲಿಲ್ಲ. ಎದುರಿನ ಖಾಲಿ ಮೆಷಿನ್ನಿನ ಕಡೆ ಒಮ್ಮೆ ನೋಡಿದೆ, ‘ವ್ಯವಹಾರ ಮತ್ತು ಕಂಪ್ಯೂಟರ್’ ಮೇಲೆ ಸ್ಕೇಲಿಟ್ಟೆ, ಎಳೆದೆ. ಸಹಿ ಹಾಕಿ ಶಾಲೆಗೆ ಹೋಗಿ ಡಬ್ಬಿಗೆ ಹಾಕಿ ಬಂದೆ.

ಸಂಜೆ ಅಕ್ಕ ಬಂದವಳು ಚಪ್ಪಲಿ ಬಿಡುತ್ತಲೇ, "ಹೊಡೆದ್ಯಾ?" ಅಂದಳು.

"ಹೊಡೆದೆ."

"ಸರಿಯಾಗಿ ತಾನೆ?"

"ಸ್ಕೇಲಿಟ್ಟು ಹೊಡೆದಿದ್ದೀನಿ ಕಣಕ್ಕ."

"ಅದಕ್ಕೂ ಸ್ಕೇಲಾ! ದರ್ಜಿ ಬುದ್ಧಿ" ಅಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, ಅಂದರೆ ಪಕ್ಕದ ಮನೆಗೆ ಮಾತ್ರ ಕೇಳಿಸುವಷ್ಟು ತಗ್ಗಿಸಿ, "ಅವಳಿಗೆ ಈಗ್ಲೇ ಹೇಳ್ಬೇಡ. ಲಿಸ್ಟ್ ಬಂದಾಗ ಅವಳೇ ನೋಡ್ಲಿ" ಅಂದಳು. ಕೆಟ್ಟ ಸುದ್ದಿಯನ್ನು ಮುಂದೆ ಹಾಕುತ್ತಿದ್ದಾಳೆ ಎಂದು ನಾನು ತಿಳಿದೆ. ಗುಂಡಿ ಮೂರು ದಿನ ನನ್ನ ಹಿಂದೆ ಬಿದ್ದಳು. ನಾನು ಬಾಯಿಗೆ ಹೊಲಿಗೆ ಹಾಕಿಕೊಂಡವನ ಹಾಗೆ ಇದ್ದೆ.

ಶುಕ್ರವಾರ ಮಧ್ಯಾಹ್ನ ಗುಂಡಿ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತಳು. ಅಳುತ್ತಿರಲಿಲ್ಲ, ಅತ್ತು ಮುಗಿಸಿ ಬಂದಿದ್ದಳು.

"ಲಿಸ್ಟಲ್ಲಿ ನಾನು ಹೊಲಿಗೆಗೆ ಇದ್ದೀನಿ. ಕಂಪ್ಯೂಟರಿಗೆ ಹತ್ತೊಂಬತ್ತೇ ಜನ. ರದ್ದು ಅಂತ ಬರೆದಿದ್ದಾರೆ. ಮಾವ, ನೀನು ಏನು ಬರೆದೆ?"

"ನಿಮ್ಮಮ್ಮ ಫೋನಲ್ಲಿ ಕಂಪ್ಯೂಟರ್ ಹೊಡಿ ಅಂದ್ಲು ಪುಟ್ಟಾ. ನಾನು ಹೊಡೆದೆ. ನಾನೇನು ಮಾಡ್ಲಿ?"

ಅವಳು ಚೀಲ ಅಲ್ಲೇ ಬಿಟ್ಟು ಗೆಳತಿಯ ಮನೆಗೆ ಹೋದಳು.

ಐದೂವರೆಗೆ ಅಕ್ಕ ಬಂದಳು. ಕೈಯಲ್ಲಿ ಒಂದು ಸಣ್ಣ ಪೊಟ್ಟಣ. ಕಾಗದ ಬಿಚ್ಚಿ ತೋರಿಸಿದಳು: ನೀಲಿ ಮುಚ್ಚಳದ ಒಂದು ಒಳ್ಳೆಯ ಪೆನ್ನು. "ಕೌಂಟರಿನ ಹುಡುಗಿ ಹೇಳಿದ್ಲು ಕಣೋ, ಆಫೀಸಿನವರ ಹತ್ರ ಒಂದು ಒಳ್ಳೇ ಪೆನ್ ಇರ್ಬೇಕಂತೆ. ಮಂಗಳವಾರ ಬೆಳಿಗ್ಗೆ ಅವಳ ಹತ್ರಾನೇ ಹೋಗಿ ಎಲ್ಲ ಕೇಳ್ದೆ. ಅವಳಮ್ಮನೂ ಮನೆ ಗುಡಿಸೋಳಂತೆ. ಅಷ್ಟು ಕೇಳಿದ್ಮೇಲೆ ನನ್ನ ಮನಸ್ಸು ತಿರುಗ್ತು. ಲಿಸ್ಟ್ ಬಂತಾ? ಎಲ್ಲಿ ಇವಳು?"

ನನ್ನ ಕಾಲ ಕೆಳಗಿನ ನೆಲ ಕುಸಿಯಿತು ಅನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ನೆಲ ಗಟ್ಟಿಯಾಗಿಯೇ ಇತ್ತು, ಓಡಿಹೋಗಲು ಜಾಗ ಮಾತ್ರ ಇರಲಿಲ್ಲ. "ಅಕ್ಕಾ, ನೀನು ಹೊಡಿ ಅಂದೆಯಲ್ಲ" ಅಂದೆ.

"ಅಂದೆ. ರೈಟ್ ಹೊಡಿ ಅಂದೆ."

"ಫಾರಮ್ಮಲ್ಲಿ ಬೇಡವಾದ್ದನ್ನ ಹೊಡೆದುಹಾಕಿ ಅಂತ ಇತ್ತು."

ಅಕ್ಕನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ಕೇಳಿಸಿತ್ತು. ಅವಳು ಪೆನ್ನನ್ನು ಮತ್ತೆ ಕಾಗದದಲ್ಲಿ ಸುತ್ತತೊಡಗಿದಳು, ಸುತ್ತಿದ್ದು ಸರಿಬರದೆ ಬಿಚ್ಚಿ ಮತ್ತೆ ಸುತ್ತಿದಳು. "ಅಯ್ಯೋ ನಿನ್ನ ಮನೆ ಹಾಳಾಗ, ಅದು ನನ್ನ ಮನೇನೂ ಹೌದಲ್ಲೋ" ಅಂದಳು. ಆಮೇಲೆ, "ಅವಳಿಗೆ ಏನೂ ಹೇಳ್ಬೇಡ. ಸೋಮವಾರ ಹೋಗಿ ಸರಿ ಮಾಡ್ಸು. ಕಾಗದ ತಾನೆ, ಕಲ್ಲಲ್ವಲ್ಲ" ಅಂದಳು.

ಸೋಮವಾರ ಅಂಗಡಿ ತೆರೆಯದೆ ಶಾಲೆಗೆ ಹೋದೆ. ಆಫೀಸಿನ ಗುಮಾಸ್ತ ಒಳ್ಳೆಯ ಮನುಷ್ಯ, ಅವನ ಎರಡು ಪ್ಯಾಂಟು ನಾನೇ ಸಡಿಲ ಮಾಡಿಕೊಟ್ಟಿದ್ದೆ. ಕಪಾಟಿನಿಂದ ನನ್ನ ಫಾರಂ ಹುಡುಕಿ ತೆಗೆದು ಬೆಳಕಿಗೆ ಹಿಡಿದ.

"ಕೈ ಜಾರಿದ್ದು ಅಂತ ಬರ್ಕೊಳ್ಳಿ" ಅಂದೆ.

"ಮಾಸ್ಟ್ರೇ, ಎಷ್ಟು ನೇರವಾಗಿದೆ ನೋಡಿ. ಸೊಟ್ಟ ಇದ್ದಿದ್ರೆ, ಮಸಿ ಚೆಲ್ಲಿದ್ರೆ ಏನಾದ್ರೂ ಮಾಡ್ಬಹುದಿತ್ತು. ಸ್ಕೇಲಿಟ್ಟು ಯಾರಾದ್ರೂ ಕೈ ಜಾರ್ತಾರಾ?"

"ನಾನು ಅವಳ ಅಪ್ಪ ಅಲ್ಲ, ಮಾವ. ನನ್ನ ಸಹಿ ನಡೆಯಲ್ಲ ಅಂತ ಹೇಳಿ. ಫಾರಮ್ಮೇ ತಪ್ಪು ಅಂತಾಗುತ್ತೆ."

"ಹಾಗಾದ್ರೆ ಅರ್ಜಿನೇ ಬಂದಿಲ್ಲ ಅಂತ ಆಗುತ್ತೆ. ಅರ್ಜಿ ಬರದವರನ್ನ ಖಾಲಿ ಇದ್ದ ಕಡೆ ಹಾಕ್ತಾರೆ. ಖಾಲಿ ಇರೋದು ತೋಟಗಾರಿಕೆ. ಹಾಕ್ಲಾ?"

ಬಾಣಲೆಯಿಂದ ಬೆಂಕಿಗೆ ಬೀಳುವುದು ಬೇಡ ಎಂದು ಹೆಡ್‌ಮಿಸ್ ಕೋಣೆಗೆ ಹೋದೆ. ಅವರು ನನ್ನನ್ನು ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿದರು. ‘ಹೊಡಿ’ಯ ಕಥೆ ಕೇಳಿ ಅವರಿಗೆ ನಗು ಬಂತು, ತಕ್ಷಣ ನುಂಗಿಕೊಂಡರು. "ನನ್ನ ಕೈಲಿ ಇದ್ದಿದ್ರೆ ಈ ಕ್ಷಣ ಮಾಡ್ತಿದ್ದೆ. ಪಟ್ಟಿ ಮಂಗಳವಾರ ಮೂರಕ್ಕೇ ಇಲಾಖೆಗೆ ಹೋಯ್ತು. ಅಲ್ಲಿಂದ ವಿಷಯ ರದ್ದು ಅಂತ ಆದೇಶಾನೂ ಬಂದಾಯ್ತು. ನೀವು ಇಲಾಖೆಗೇ ಹೋಗಿ, ನಾನು ಒಂದು ಪತ್ರ ಕೊಡ್ತೀನಿ" ಅಂದರು. ಪತ್ರ ಕೊಟ್ಟರು. ಅಷ್ಟು ಚೆಂದದ ಪತ್ರವನ್ನು ನಾನು ಇದುವರೆಗೆ ನೋಡಿರಲಿಲ್ಲ.

ಹೊರಬರುವಾಗ ಕಂಪ್ಯೂಟರ್ ಕೋಣೆಯ ಬಾಗಿಲು ತೆರೆದಿತ್ತು. ಟೈಪ್ ಮೇಡಮ್ ಒಬ್ಬರೇ ಇದ್ದರು. ಒಂದೊಂದು ಯಂತ್ರಕ್ಕೂ ಬಟ್ಟೆಯ ಹೊದಿಕೆ ಹಾಕುತ್ತಿದ್ದರು, ಗೋಡೆಯ ಮೇಲಿನ ಬೆರಳುಗಳ ಚಿತ್ರವನ್ನು ಆಗಲೇ ಬಿಚ್ಚಿ ಸುರುಳಿ ಸುತ್ತಿದ್ದರು. ವಿಷಯ ಇಲ್ಲದ ಮೇಲೆ ಆ ಶಾಲೆಯಲ್ಲಿ ಅವರಿಗೂ ಕೆಲಸವಿಲ್ಲ. ತಡೆಯಲಾರದೆ ಒಳಗೆ ಹೋಗಿ ನಡೆದದ್ದನ್ನು ಹೇಳಿದೆ. ನಿಮ್ಮ ತರಗತಿಯನ್ನು ಮುಚ್ಚಿಸಿದವನು ನಾನೇ ಅಂದೆ.

ಮೇಡಮ್ ಕೈಯಲ್ಲಿದ್ದ ಹೊದಿಕೆಯನ್ನು ಮಡಿಸಿದರು. "ಅವಳನ್ನ ಇಪ್ಪತ್ತನೆಯವಳು ಅಂತ ಬರ್ಕೊಂಡಿದ್ದೆ. ಬೇರೆ ಶಾಲೆಗೆ ಸೇರಿಸೋಣ ಅಂದ್ರೆ ಹತ್ತಿರದಲ್ಲಿ ಎಲ್ಲೂ ಜಾಗ ಇಲ್ಲ, ನಾನೂ ವಿಚಾರಿಸಿದೆ. ಒಂಬತ್ತರಲ್ಲಿ ತಗೊಳ್ದಿದ್ರೆ ಹತ್ತರಲ್ಲಿ ಸೇರಿಸ್ಕೊಳ್ಳಲ್ಲ" ಅಂದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮಹಾತಾಯಿ ನನ್ನನ್ನು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಮಂಗಳವಾರ ಅಕ್ಕ ಅರ್ಧ ದಿನ ರಜೆ ಹಾಕಿ ನನ್ನ ಜೊತೆ ಇಲಾಖೆಗೆ ಬಂದಳು. ಎರಡು ಬಸ್ಸು ಬದಲಿಸಿ ಹೋಗಿ, ಚೀಟಿ ತೆಗೆದುಕೊಂಡು, ಎರಡು ಗಂಟೆ ಬೆಂಚಿನ ಮೇಲೆ ಕೂತೆವು. ಕಿಟಕಿಯ ಹಿಂದಿನವನು ಗುಂಡಿಗಿಂತ ಏಳೆಂಟು ವರ್ಷ ದೊಡ್ಡವನಿರಬೇಕು. ಪತ್ರ ಓದಿ, ಕಂಪ್ಯೂಟರಿನ ಪರದೆಯನ್ನೇ ನಮ್ಮ ಕಡೆ ತಿರುಗಿಸಿದ.

"ನೋಡಿ ಅಮ್ಮ, ಇಲ್ಲಿ ‘ಬದಲಾಯಿಸಿ’ ಅಂತ ಇದೆಯಲ್ಲ, ಬೂದು ಬಣ್ಣಕ್ಕೆ ತಿರುಗಿದೆ. ಕೊನೇ ದಿನ ಮುಗಿದ್ಮೇಲೆ ತಾನಾಗೇ ಹಾಗಾಗುತ್ತೆ. ನಾನು ಒತ್ತಿದ್ರೂ ಒಂದೇ, ನೀವು ಒತ್ತಿದ್ರೂ ಒಂದೇ."

ಅವನು ಒತ್ತಿ ತೋರಿಸಿದ. ಏನೂ ಆಗಲಿಲ್ಲ.

"ಇನ್ನೊಂದ್ಸಲ ಒತ್ತಪ್ಪ" ಅಂದಳು ಅಕ್ಕ.

ಪಾಪದ ಹುಡುಗ, ಇನ್ನೊಂದು ಸಲವೂ ಒತ್ತಿದ. ಹಿಂದೆ ನಿಂತವರು ಗೊಣಗತೊಡಗಿದರು. "ಯಾರ ಹತ್ರ ಹೋದ್ರೆ ಆಗುತ್ತೆ?" ಎಂದು ನಾನು ರೇಗಿದೆ. "ಯಾರಾದ್ರೂ ಒಬ್ರು ಇರ್ಬೇಕಲ್ಲ! ಮೇಲಿನವರು, ಅವರ ಮೇಲಿನವರು! ಮಾಡಿದ್ದು ಮನುಷ್ಯರೇ ತಾನೆ?"

"ಸಾರ್, ಇದ್ದಿದ್ರೆ ಹೇಳ್ತಿದ್ದೆ" ಅಂದ ಅವನು. ಅವನ ಮುಖ ನೋಡಿದರೆ ಸುಳ್ಳು ಹೇಳುತ್ತಿದ್ದಾನೆ ಅನ್ನಿಸಲಿಲ್ಲ. ಬಟ್ಟೆ ಎಷ್ಟೇ ಕೆಟ್ಟಿರಲಿ, ಹೊಲಿಗೆ ಬಿಚ್ಚಲು ಒಂದು ತುದಿ ಸಿಗುತ್ತದೆ. ಇಲ್ಲಿ ಯಾರ ಕೈಯಲ್ಲೂ ತುದಿ ಇರಲಿಲ್ಲ. ಎಲ್ಲರೂ ಒಳ್ಳೆಯವರೇ, ಎಲ್ಲರೂ ನೀರು ಕೊಡುವವರೇ.

ವಾಪಸು ಬರುವಾಗ ಬಸ್ಸಿನಲ್ಲಿ, ಅರ್ಧ ದಾರಿಗೆ, ಅಕ್ಕ ಇದ್ದಕ್ಕಿದ್ದಂತೆ, "ಅವಳಿಗೆ ನಾನೇ ಹೇಳ್ತೀನಿ. ನಾನೇ ಬೇಡ ಅಂದೆ ಅಂತ" ಅಂದಳು.

"ನಿನಗೆ ಹುಚ್ಚಾ? ತಪ್ಪು ಮಾಡಿದ್ದು ನಾನು. ನಾನೇ ಹೇಳ್ತೀನಿ."

"ನೀನು ಹೇಳಿದ್ರೆ ಏನಾಗುತ್ತೆ? ಅವಳಿಗೆ ನಿನ್ನ ಮುಖ ನೋಡೋಕೆ ಆಗಲ್ಲ. ಇನ್ನು ಎರಡು ವರ್ಷ ಹೊಲಿಗೆ ಕಲೀಬೇಕು, ಆಮೇಲೆ ನಿನ್ನ ಅಂಗಡೀಲೇ ಕೂರ್ಬೇಕು. ನಾಳೆ ನನಗೇನಾದ್ರೂ ಆದ್ರೆ ಅವಳಿಗೆ ನೀನೇ ಗತಿ. ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ. ತಾಯಿ ಮೇಲಿನ ಸಿಟ್ಟು ಎಷ್ಟು ದಿನ ಇರುತ್ತೆ?"

ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು, ಅವಳ ದನಿ ಹಾಗೆ. ಬೇಡ ಅಕ್ಕ ಎಂದು ಇನ್ನೊಂದು ಸಲ ಹೇಳಿದೆ. ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ಒಳಗೆ ಎಲ್ಲೋ ಒಂದು ಉಸಿರು ಸಡಿಲವಾದದ್ದು ನನಗೇ ಗೊತ್ತಾಯಿತು, ಅದಕ್ಕೆ ನನ್ನ ಮೇಲೆಯೇ ಹೇಸಿಗೆಯೂ ಆಯಿತು. ಹಿಂದಿನ ಮಂಗಳವಾರ ಫೋನು ಹಿಡಿದು ಕೂತಾಗ ಅವಳ ನಗು ಕೇಳಿಸಿತ್ತು ಅನ್ನುವುದನ್ನಂತೂ ಅಕ್ಕನಿಗೂ ಹೇಳಲಿಲ್ಲ.

ಮನೆಗೆ ಬಂದಾಗ ಗುಂಡಿ ನೆಲದ ಮೇಲೆ ಕೂತು ಓದುತ್ತಿದ್ದಳು. ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದಳು.

"ಅಮ್ಮ, ಒಂದೇ ಮಾತು ಹೇಳು. ಮಾವನಿಗೆ ಕಂಪ್ಯೂಟರ್ ಹೊಡಿ ಅಂದದ್ದು ನೀನೇನಾ?"

"ಹೌದು, ನಾನೇ ಅಂದೆ" ಅಂದಳು ಅಕ್ಕ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಯಾಕಮ್ಮ?"

"ನನಗೆ ಸರಿ ಅನ್ನಿಸ್ತು. ಅಂದೆ."

"ಹತ್ತೊಂಬತ್ತು ಜನದ್ದು ಹೋಯ್ತು. ಮೇಡಮ್‌ದು ಹೋಯ್ತು. ನೀನು ಜೀವಮಾನ ಪೂರ್ತಿ ಆ ನೆಲಮಾಳಿಗೇಲಿ ಇರು. ನಾನೂ ಮೇಲೆ ಹತ್ತಬಾರ್ದು ಅಲ್ವಾ ನಿನಗೆ?"

ಅಕ್ಕ ಪಾತ್ರೆ ತೊಳೆಯಲು ಹೋದಳು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ನನ್ನ ನಾಲಿಗೆ ಬಾಯಲ್ಲೇ ಇತ್ತು, ಯಾರೂ ಕಿತ್ತುಕೊಂಡಿರಲಿಲ್ಲ.

ಇದಾಗಿ ನಾಲ್ಕು ತಿಂಗಳಾಯಿತು. ತಾಯಿಯ ಮೇಲಿನ ಸಿಟ್ಟು ಎಷ್ಟು ದಿನ ಎಂದು ಅಕ್ಕ ಕೇಳಿದ್ದಳಲ್ಲ, ನಾಲ್ಕು ತಿಂಗಳಂತೂ ಇದೆ. ಊಟಕ್ಕೆ ಬಾ ಅಂದರೆ ಬರುತ್ತಾಳೆ, ಬಡಿಸಿದರೆ ತಿನ್ನುತ್ತಾಳೆ. ಹೂಂ, ಊಹೂಂ ಬಿಟ್ಟು ಮೂರನೆಯ ಮಾತಿಲ್ಲ. ಶಾಲೆ ಬಿಟ್ಟ ಮೇಲೆ ನೇರವಾಗಿ ನನ್ನ ಅಂಗಡಿಗೆ ಬರುತ್ತಾಳೆ. ಎದುರಿನ ಮೆಷಿನ್ನಿನ ಮೇಲಿನ ರಾಶಿಯನ್ನು ಅವಳೇ ತೆಗೆದಳು, ಅವಳೇ ಎಣ್ಣೆ ಬಿಟ್ಟಳು. ಕೈ ನಿಜಕ್ಕೂ ಚುರುಕು. ಕಾಲರ್ ತಿರುಗಿಸುವುದನ್ನು ನಾನು ಕಲಿಯಲು ಒಂದು ವರ್ಷ ಹಿಡಿದಿತ್ತು, ಅವಳಿಗೆ ಮೂರು ವಾರ ಸಾಕಾಯಿತು. ನನಗೆ ಏನು ಬೇಕಿತ್ತೋ ಅದು ಪೂರ್ತಿ ಸಿಕ್ಕಿದೆ, ಎದುರಿಗೇ ಕೂತಿದೆ, ದಿನಾ ಸಂಜೆ ನಾಲ್ಕೂಕಾಲಿಗೆ ಬರುತ್ತದೆ.

ನಿನ್ನೆ ಐದೂವರೆಯ ಹೊತ್ತಿಗೆ ಅಕ್ಕ ಕೆಲಸ ಮುಗಿಸಿ ಅಂಗಡಿಯ ಮುಂದೆ ಬಂದಳು. ಮೊದಲೆಲ್ಲ ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಒಂದು ಲೋಟ ನೀರು ಕುಡಿದೇ ಮೇಲೆ ಹತ್ತುತ್ತಿದ್ದಳು. ಈಗ ಬಾಗಿಲ ಹೊರಗೆ ನಿಲ್ಲುತ್ತಾಳೆ, ಮಗಳನ್ನು ಒಂದು ಗಳಿಗೆ ನೋಡುತ್ತಾಳೆ. ಗುಂಡಿ ತಲೆ ತಗ್ಗಿಸಿ ಜೋರಾಗಿ ಪೆಡಲ್ ತುಳಿದಳು. ಅಕ್ಕ ಮೆಟ್ಟಿಲು ಹತ್ತಿ ಹೋದಳು.

ಹೆಜ್ಜೆಯ ಸದ್ದು ನಿಂತ ಮೇಲೆ ಗುಂಡಿ ಮೆಷಿನ್ ನಿಲ್ಲಿಸಿದಳು. "ಮಾವ, ಅವತ್ತು ಲಿಸ್ಟ್ ಬಂದ್ಮೇಲೆ ನೀನು ಶಾಲೆಗೆ ಹೋಗಿ ಬೇಡ್ಕೊಂಡ್ಯಂತೆ. ಗುಮಾಸ್ತರು ಇವತ್ತು ಹೇಳಿದ್ರು. ನಿಮ್ಮ ಮಾವ ನಿನ್ನ ಸಲುವಾಗಿ ಎಷ್ಟು ಒದ್ದಾಡಿದ್ರು ಗೊತ್ತಾ ಅಂದ್ರು. ನೀನು ನನಗೆ ಹೇಳ್ಲೇ ಇಲ್ಲ."

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ನಿಜ ಹೇಳುತ್ತೇನೆ, ತೆರೆದೆ.

"ಈ ಮನೇಲಿ ನನ್ನ ಕಡೆಯವನು ನೀನೊಬ್ಬನೇ ಮಾವ" ಅಂದಳು ಅವಳು.

ನಾನು "ಹೂಂ" ಅಂದೆ.